ಬಾಹರ್ ಎಂಬ ಫೋಲ್ಡರು

ಹೋದ ವಾರ ಮುಂಬಯಿಯ ಚೆಂಬೂರಿನಲ್ಲಿ ನಮ್ಮ ಕಾಲನಿಯ ಹತ್ತಿರದ ಬ್ಯೂಟಿ ಪಾರ್ಲರಿನಲ್ಲಿ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲು ಕುಳಿತವಳು ಅರ್ಧಕ್ಕೇ ಎದ್ದು ಓಡಿಬಂದೆ. ಹುಡುಗಿ ಬಟ್ಟಲಿನಲ್ಲಿ ಬಣ್ಣ ಕಲಸಿ ಅರ್ಧ ತಲೆಗೆ ಹಚ್ಚಿ ಕಿವಿಯ ಹಿಂದೆ ಬ್ರಷ್ ಎಳೆದಳು ನೋಡಿ, ಅಮೋನಿಯಾದ ಘಾಟು ಮೂಗಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು, ಹಳೆಯ ಸಿಟ್ಟು ಎದ್ದು ಬಂತು. "ಆಂಟೀ, ಧೋನಾ ಬಾಕಿ ಹೈ!" ತಲೆ ತೊಳೆಯುವುದು ಬಾಕಿ ಇದೆ ಎಂದು ಹುಡುಗಿ ಬಾಗಿಲವರೆಗೆ ಬಂದು ಕೂಗಿದಳು. ಬೇರೆ ದಿನವಾಗಿದ್ದರೆ ಆಂಟಿ ಎಂದದ್ದಕ್ಕೇ ಅವಳಿಗೆ ನಾಲ್ಕು ಮಾತು ಬೀಳುತ್ತಿದ್ದವು. ಅಂದು ಟವೆಲು ಸುತ್ತಿಕೊಂಡು ಮನೆಗೆ ಬಂದು ಬಚ್ಚಲಲ್ಲಿ ತಲೆ ತೊಳೆದುಕೊಂಡೆ. ಅರ್ಧ ಕಪ್ಪು, ಅರ್ಧ ಬಿಳಿ ತಲೆ ಹೊತ್ತುಕೊಂಡೇ ಈಗ ಇದನ್ನು ಬರೆಯುತ್ತಿದ್ದೇನೆ.

ಆ ಸಿಟ್ಟು ಹುಟ್ಟಿದ್ದು ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ. ಆಗ ನಾನು ಕುರ್ಲಾದಲ್ಲಿ ಕೆಲಸಕ್ಕಿದ್ದೆ. ಸಣ್ಣ ಕಾರ್ಖಾನೆಗಳ ಯಂತ್ರಗಳಿಗೆ ಪ್ರೋಗ್ರಾಂ ಬರೆದುಕೊಡುವ ಕಂಪನಿ. ಕಂಪನಿ ಎಂದರೆ ಗಾಜಿನ ಕಟ್ಟಡ ನೆನೆಸಿಕೊಳ್ಳಬೇಡಿ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮಷಿನ್ನುಗಳ ಮಧ್ಯೆ ಶಟರು ಎಳೆಯುವ ಒಂದು ಕೋಣೆ, ಒಳಗೆ ಐದಾರು ಕಂಪ್ಯೂಟರು, ಮಳೆ ಜೋರಾದರೆ ಕಾಲಡಿ ನೀರು. ಮಾಲೀಕರು ಜಯಕರಣ್ಣ, ಕಾರ್ಕಳದ ಕಡೆಯವರು. ಅವರ ಅಣ್ಣಂದಿರೆಲ್ಲ ಹೋಟೆಲ್ ಮಾಡಿದರು, ಇವರು ಕಂಪ್ಯೂಟರ್ ಹಿಡಿದರು. ಆದರೆ ಮಾತು ಗಲ್ಲಾದ ಮೇಲೆ ಕುಳಿತವರದೇ. "ಎಲ್ಲಿಗೆ ಬಂತು ಅದು? ಪಾರ್ಟಿ ಕಾಯ್ತಾ ಉಂಟು!" ಎಂದು ಕೂಗಿದರೆ ಪ್ರೋಗ್ರಾಂ ಬೇಕೋ ಮಸಾಲೆ ದೋಸೆ ಬೇಕೋ ಎಂದು ಕೇಳಬೇಕೆನಿಸುತ್ತಿತ್ತು.

ನನ್ನ ಪಕ್ಕದ ಕುರ್ಚಿ ಮಹಾಂತೇಶನದು. ಧಾರವಾಡದ ಕಡೆಯಿಂದ ಬಂದವನು, ನನಗಿಂತ ಎಷ್ಟೋ ಚಿಕ್ಕವನು, ಎಷ್ಟು ಬೈದರೂ "ಹೌದ್ರಿ ಅಕ್ಕಾರ" ಎನ್ನುವವನು. ನಮ್ಮದು ವಿಜಯಪುರದ ಮನೆತನ; ಅಪ್ಪ ನೌಕರಿಗೆಂದು ಚೆಂಬೂರಿಗೆ ಬಂದು ಇಲ್ಲಿಯೇ ಉಳಿದರು. ಬೈಯದೆ ಪ್ರೀತಿ ಮಾಡುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಮಹಾಂತೇಶನಿಗೆ ದಿನವೂ ಬೈಯುತ್ತಿದ್ದೆ ಎಂದರೆ ಅರ್ಥ ಮಾಡಿಕೊಳ್ಳಿ.

ಆ ವರ್ಷ ನಮಗೆ ಕಾಂದಿವಲಿಯ ಒಂದು ಮೀನಿನ ಕೋಲ್ಡ್ ಸ್ಟೋರೇಜಿನ ಕೆಲಸ ಸಿಕ್ಕಿತ್ತು. ಅಂಥ ಜಾಗಗಳಲ್ಲಿ ತಂಪು ಮಾಡುವುದು ಅಮೋನಿಯಾ. ಪೈಪು ಬಿರಿದು ಅದು ಹೊರಗೆ ಬಂತೆಂದರೆ ಮೊದಲು ಕಣ್ಣು ಸುಡುತ್ತದೆ, ಆಮೇಲೆ ಗಂಟಲು, ಆಮೇಲೆ ಶ್ವಾಸಕೋಶ. ನಮ್ಮ ಪ್ರೋಗ್ರಾಂ ಗಾಳಿಯಲ್ಲಿ ಅನಿಲ ಎಷ್ಟಿದೆ ಎಂದು ನೋಡುತ್ತಿರಬೇಕು, ಮಿತಿ ಮೀರಿದ ಕೂಡಲೇ ಸೈರನ್ ಕೂಗಿಸಬೇಕು. ಕೆಲಸ ಇಷ್ಟೇ. ಬರೆದದ್ದು ಜಾವಾದಲ್ಲಿ. ನೋಡುವ ಭಾಗ ನಮ್ಮದೇ ಬರವಣಿಗೆ. ಸೈರನ್ ಕೂಗಿಸುವ ಭಾಗವನ್ನು ಸೈರನ್ ತಯಾರಿಸಿದವರೇ ಬರೆದು ಒಂದು ಗಂಟು ಕಟ್ಟಿ ಕೊಟ್ಟಿದ್ದರು. ಇಂಥ ಗಂಟಿಗೆ ಜಾರ್ ಎನ್ನುತ್ತಾರೆ, ಮಿಕ್ಸರಿನ ಜಾರ್ ಅಲ್ಲ. ಪ್ರೋಗ್ರಾಂ ಶುರು ಮಾಡುವಾಗ "ಹೊರಗಿನ ಜಾರ್‌ಗಳು ಇಂಥ ಕಡೆ ಇವೆ, ಬೇಕಾದಾಗ ಅಲ್ಲಿ ಹುಡುಕಿಕೋ" ಎಂದು ದಾರಿ ಹೇಳಬೇಕು. ಆ ದಾರಿಗೆ ಕ್ಲಾಸ್‌ಪಾತ್ ಎಂದು ಹೆಸರು.

ಇದರಲ್ಲಿ ಜಾವಾದ ಒಂದು ಕೆಟ್ಟ ಗುಣವಿದೆ. ಹೇಳಿದ ಜಾಗದಲ್ಲಿ ಜಾರ್ ಇಲ್ಲದಿದ್ದರೂ ಅದು ಶುರುವಿನಲ್ಲಿ ತುಟಿ ಬಿಚ್ಚುವುದಿಲ್ಲ. ನಿಶ್ಚಿಂತೆಯಿಂದ ಕೆಲಸಕ್ಕೆ ತೊಡಗುತ್ತದೆ. ಆ ಜಾರಿನ ಅಗತ್ಯ ಬಿದ್ದ ಕ್ಷಣಕ್ಕೆ ಮಾತ್ರ ಹುಡುಕಲು ಹೋಗುತ್ತದೆ, ಸಿಗದಿದ್ದರೆ ಅದನ್ನು ಕೇಳಿದ ಭಾಗ ಅಲ್ಲೇ ಬಿದ್ದು ಸಾಯುತ್ತದೆ. ಸೈರನ್ನಿನ ಜಾರ್ ಬೇಕಾಗುವುದು ಯಾವಾಗ? ಅನಿಲ ಸೋರಿದಾಗ. ಹೊರಗಿನ ಜಾರನ್ನೂ ನಮ್ಮದರ ಜೊತೆ ಸೇರಿಸಿ ಒಂದೇ ಗಂಟು ಮಾಡೋಣ ಎಂದು ನಾನು ಜಯಕರಣ್ಣನ ಮುಂದೆ ಕೂಗಾಡಿದ್ದೆ.

"ಎಂತ ಮಾರಾಯ್ತಿ ನಿಂದು ಗಲಾಟೆ?" ಎಂದರು ಅವರು. "ಆ ಸೈರನಿನವರು ಆಗಾಗ ಹೊಸ ಜಾರ್ ಕಳಿಸ್ತಾರೆ. ಒಟ್ಟಿಗೆ ಕಟ್ಟಿದ್ರೆ ಪ್ರತಿ ಸಲ ಎಲ್ಲ ಹೊಸತಾಗಿ ಕಟ್ಟಿ ಕೊಡ್ಬೇಕು. ಹೊರಗೆ ಬೇರೆ ಇಡು. ಹಳತು ತೆಗ್ದು ಹೊಸತು ಹಾಕಿದ್ರೆ ಮುಗೀತು."

ಮಾಲೀಕರು ಅವರು. ಬೇರೆಯಾಗಿಯೇ ಇಟ್ಟೆವು. ಕಾಂದಿವಲಿಗೆ ಹೋಗಿ ಎಲ್ಲವನ್ನೂ ಜೋಡಿಸಿ ಬಂದವನು ಮಹಾಂತೇಶ. ಅಲ್ಲಿ ಆ ಯಂತ್ರವನ್ನು ನೋಡಿಕೊಳ್ಳುವ ಆಪರೇಟರ್ ಪಾಂಡುರಂಗ ಎನ್ನುವವನು. ಕರೆಂಟು ಹೋಗಿ ಬಂದಾಗ ಕಂಪ್ಯೂಟರ್ ಮತ್ತೆ ಶುರು ಮಾಡುವುದು, ಪರದೆಯ ಮೇಲಿನ ಬಣ್ಣ ಹಸಿರಾಗಿದೆಯೇ ನೋಡುವುದು ಅವನ ಕೆಲಸ. ಮಹಾಂತೇಶನಿಗೆ ಅವನ ಮೇಲೆ ಮೊದಲ ದಿನವೇ ಅಕ್ಕರೆ ಹುಟ್ಟಿತು. ಫೋಲ್ಡರುಗಳಿಗೆ ಎಲ್ಲರೂ ಇಡುವ ಇಂಗ್ಲಿಷ್ ಹೆಸರು ಬಿಟ್ಟು, ಅವನಿಗೆ ತಿಳಿಯಲೆಂದು ಹಿಂದಿ ಹೆಸರು ಇಟ್ಟುಬಂದ. ನಾವು ಬರೆದದ್ದು "ಅಪ್ನಾ", ಎಂದರೆ ನಮ್ಮದು, ಹೊರಗಿನ ಜಾರ್‌ಗಳದು "ಬಾಹರ್".

"ಇದೇನೋ ಹುಚ್ಚಾಟ?" ಎಂದೆ.

"ಅಕ್ಕಾರ, ದಿನಾ ಆ ಮಷಿನ್ ಜೋಡಿ ಬಾಳೇ ಮಾಡಾಂವ ಪಾಂಡುರಂಗ. ಅವಂಗ ತಿಳಿದಂಗ ಇರಬೇಕ್ ನೋಡ್ರಿ. ಹೆಸರ್ ಓದಿ ಅವಾ ಎಷ್ಟ್ ಖುಷಿ ಆದ ಅಂತೀರಿ."

ಕಂಪ್ಯೂಟರಿಗೆ ಹೆಸರು ಯಾವುದಾದರೇನು? ನಾನೂ ನಕ್ಕು ಸುಮ್ಮನಾದೆ. ಶುರುವಿನಲ್ಲಿ ವಾರಕ್ಕೊಮ್ಮೆ ಸೈರನ್ ಕೂಗಿಸಿ ಪರೀಕ್ಷೆ ಮಾಡುತ್ತಿದ್ದರು. ಮೀನು ಕೊಳ್ಳಲು ಬಂದ ವ್ಯಾಪಾರಿಗಳು ಬೆಚ್ಚಿ ಓಡುತ್ತಾರೆಂದು ಕೋಲ್ಡ್ ಸ್ಟೋರೇಜಿನ ಸೇಠ ಕೆಲವೇ ದಿನಗಳಲ್ಲಿ ಅದನ್ನು ನಿಲ್ಲಿಸಿಬಿಟ್ಟ.

ಮಳೆ ಕಚ್ಚಿ ಹಿಡಿದಿತ್ತು. ಕುರ್ಲಾ ಸ್ಟೇಷನ್ನಿನಲ್ಲಿ ಹಳಿ ಕಾಣದಷ್ಟು ನೀರು ನಿಲ್ಲುವುದು, ಲೋಕಲ್ ನಿಲ್ಲುವುದು, ಬ್ಯಾಗು ತಲೆಯ ಮೇಲಿಟ್ಟುಕೊಂಡು ಜನ ಹಳಿಗುಂಟ ನಡೆಯುವುದು ಆ ವರ್ಷ ಮಾಮೂಲಾಗಿತ್ತು. ಅಂಥ ಒಂದು ಮಧ್ಯಾಹ್ನ ಕಾಂದಿವಲಿಯಿಂದ ಫೋನು ಬಂತು. ಪೈಪು ಬಿರಿದಿತ್ತು, ಸೈರನ್ ಕೂಗಿರಲಿಲ್ಲ.

ಪಾಂಡುರಂಗನಿಗೆ ಘಾಟು ಬಂದಿತ್ತಂತೆ. ಬಂದರೂ ಓಡಲಿಲ್ಲ. ಪರದೆ ಹಸಿರಾಗಿದೆ, ಸೈರನ್ ಕೂಗಿಲ್ಲ ಅಂದಮೇಲೆ ಸಣ್ಣ ಸೋರಿಕೆ ಇರಬೇಕು ಎಂದುಕೊಂಡು ವಾಲ್ವ್ ತಿರುಗಿಸಲು ನೇರ ಒಳಗೇ ಹೋದ. ನಮ್ಮನ್ನು ನಂಬಿ ಹೋದ. ಅನಿಲ ಅವನ ಮುಖಕ್ಕೇ ನುಗ್ಗಿತು. ಒದ್ದೆ ಗೋಣಿ ಹೊದ್ದು ಅವನನ್ನು ಎಳೆದು ತಂದವರು ಹೇಳಿದ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅವನು ಎರಡೂ ಕಣ್ಣುಗಳನ್ನು ಉಗುರಿನಿಂದ ಕಿತ್ತು ತೆಗೆಯಲು ನೋಡುತ್ತಿದ್ದನಂತೆ, ಕೈ ಕಟ್ಟಿ ಆಸ್ಪತ್ರೆಗೆ ಒಯ್ದರಂತೆ. ಮುನಿಸಿಪಾಲಿಟಿಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಜೀವಕ್ಕೆ ಭಯವಿಲ್ಲ, ಕಣ್ಣು ಎರಡೂ ಹೋಗಿವೆ ಎಂದರು.

ಮರುದಿನ ಬೆಳಿಗ್ಗೆ ಅವರು ನಮ್ಮ ಆಫೀಸಿಗೆ ಬಂದರು. ಮುಂದೆ ಇದ್ದವನು ಗಣಪತ, ಪಾಂಡುರಂಗನ ಅಣ್ಣ, ಟೆಂಪೋ ಓಡಿಸುವವನು. ಹಿಂದೆ ಐದಾರು ಜನ. ಕೈಯಲ್ಲಿ ಕಬ್ಬಿಣದ ಸಲಾಕೆ. ಕಾರಣ ಕೇಳಲು ಬಂದವರಲ್ಲ. ಮೊದಲ ಏಟಿಗೆ ಬಾಗಿಲ ಹತ್ತಿರದ ಕಂಪ್ಯೂಟರು ಪುಡಿಯಾಯಿತು, ಎರಡನೆಯದಕ್ಕೆ ಅದರ ಪಕ್ಕದ್ದು. ಗಾಜಿನ ಚೂರು ನನ್ನ ಕೆನ್ನೆಗೆ ಬಂದು ನೆಟ್ಟಿತು. "ಕಿಸ್ನೇ ಲಗಾಯಾ ವೋ ಮಷಿನ್? ಕೌನ್ ಹೈ?" ಆ ಮಷಿನ್ ಹಾಕಿದವನು ಯಾರು ಎಂದು ಗಣಪತ ಅರಚುತ್ತಿದ್ದ.

ಜಯಕರಣ್ಣ ಮೇಜಿನ ಹಿಂದೆ ಗೋಡೆಗೆ ಅಂಟಿಕೊಂಡಿದ್ದರು. ಬೆರಳು ಎತ್ತಿ ಮಹಾಂತೇಶನನ್ನು ತೋರಿಸಿದರು. "ಇಸ್ನೇ. ಇಸ್ನೇ ಲಗಾಯಾ. ಮೈಂ ತೋ ವಹಾಂ ಗಯಾ ಭೀ ನಹೀಂ." ಹಾಕಿದವನು ಇವನೇ, ತಾನು ಅಲ್ಲಿಗೆ ಹೋಗಿಯೇ ಇಲ್ಲ ಎಂದರು.

ಹೇಳಿ ಮುಗಿಸುವುದರೊಳಗೆ ಮಹಾಂತೇಶನ ಕೂದಲು ಗಣಪತನ ಮುಷ್ಟಿಯಲ್ಲಿತ್ತು. ಒದ್ದರು, ಬಿದ್ದ ಮೇಲೂ ಒದ್ದರು. "ಬಾಹರ್ ಸೇ ಆತೇ ಹೈಂ ಸಾಲೇ, ಹಮಾರೇ ಲಡ್ಕೋಂ ಕೋ ಮಾರ್ನೇ!" ಹೊರಗಿನಿಂದ ಬಂದು ನಮ್ಮ ಹುಡುಗರನ್ನು ಕೊಲ್ಲುತ್ತಾರೆ ಎಂದು ಒಬ್ಬ ಅವನ ಎದೆಯ ಮೇಲೆ ಕಾಲಿಟ್ಟ. ಒದೆಯುವವನ ಊರು ಮುಂಬಯಿಯೇನೂ ಅಲ್ಲ ಎಂಬುದು ಅವನ ಹಿಂದಿಯಿಂದಲೇ ಗೊತ್ತಾಗುತ್ತಿತ್ತು. ನಾನು ನನ್ನ ಸ್ಟೀಲಿನ ಡಬ್ಬಿ ಎತ್ತಿ ಅವನ ಬಾಯಿಗೆ ಬಾರಿಸಿದೆ. ತುಟಿ ಒಡೆದು ರಕ್ತ ಬಂತು, ಪಲ್ಯವೂ ಅನ್ನವೂ ಅವನ ಅಂಗಿಯ ಮೇಲೆ ಚೆಲ್ಲಿತು. ಇನ್ನೊಬ್ಬ ನನ್ನನ್ನು ಹಿಡಿದು ಗೋಡೆಗೆ ಒತ್ತಿ ನಿಲ್ಲಿಸಿದ. ಮುಂದೆ ಆದದ್ದನ್ನು ನಾನು ಕಣ್ಣು ಬಿಟ್ಟುಕೊಂಡೇ ನೋಡಬೇಕಾಯಿತು.

ಗಣಪತ ಮಹಾಂತೇಶನನ್ನು ಎಬ್ಬಿಸಿ ಮೇಜಿನ ಮುಂದೆ ನಿಲ್ಲಿಸಿದ. "ಕೌನ್ ಸೇ ಹಾಥ್ ಸೇ ಲಿಖಾ?" ಯಾವ ಕೈಯಿಂದ ಬರೆದೆ ಎಂದು ಕೇಳಿದ. "ದೋನೋಂ ಸೇ ಲಿಖಾ ಹೋಗಾ," ಎಂದು ಗಣಪತನೇ ತೀರ್ಮಾನಿಸಿದ. ಎರಡೂ ಕೈಗಳನ್ನು ಮೇಜಿನ ಮೇಲೆ ಇಡಿಸಿ, ಇಬ್ಬರಿಗೆ ಮುಂಗೈ ಹಿಡಿಯಲು ಹೇಳಿ, ಸಲಾಕೆ ಎತ್ತಿದ. ಬೆರಳು ಮುರಿಯುವ ಸದ್ದು ಸಣ್ಣದು. ಕಿರುಚಿದ್ದು ದೊಡ್ಡದು. ಎಸ್ಟೇಟಿನಲ್ಲಿ ಲೇತ್ ಮಷಿನ್ನುಗಳು ಒಂದೊಂದಾಗಿ ನಿಂತವು, ಯಾರೂ ಒಳಗೆ ಬರಲಿಲ್ಲ.

ಅವರು ಹೋದ ಮೇಲೆ ಜಯಕರಣ್ಣ ಮೊದಲು ಆಡಿದ ಮಾತು, "ಪೊಲೀಸ್ ಬೇಡ ಮಾರಾಯ್ತಿ. ನಾವು ಕಂಪ್ಲೇಂಟ್ ಕೊಟ್ರೆ ಅವರೂ ಕೊಡ್ತಾರೆ. ತಪ್ಪು ಇವನದ್ದೇ ಅಂತ ನಾನು ಸೇಠನಿಗೆ ಹೇಳಿ ಆಯ್ತು." ನಾನು ಅವರ ಕಪಾಳಕ್ಕೆ ಹೊಡೆದೆ. ಕನ್ನಡಕ ಹಾರಿ ಕೆಳಗಿನ ನೀರಿಗೆ ಬಿತ್ತು. ಆ ಏಟಿಗೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ, ಎರಡು ಹೊಡೆಯಬೇಕಿತ್ತು. ರಿಕ್ಷಾ ಹಿಡಿದು ಮಹಾಂತೇಶನನ್ನು ಆಸ್ಪತ್ರೆಗೆ ಒಯ್ದೆ. ಅದೂ ಅದೇ ದೊಡ್ಡ ಆಸ್ಪತ್ರೆ. ಮೇಲಿನ ಮಾಳಿಗೆಯಲ್ಲಿ ಕಣ್ಣು ಹೋದವನು, ಕೆಳಗಿನ ಮಾಳಿಗೆಯಲ್ಲಿ ಕೈ ಮುರಿದವನು.

ಪೊಲೀಸರು ಕೇಳಲು ಬಂದಾಗ ಮಹಾಂತೇಶ ಮೆಟ್ಟಿಲಿನಿಂದ ಬಿದ್ದೆ ಎಂದುಬಿಟ್ಟ. ನನಗೆ ಮೈ ಉರಿದುಹೋಯಿತು. "ಯಾಕ ಸುಳ್ಳ ಹೇಳ್ತಿ? ಹೆಸರ್ ಹೇಳೋ!"

"ಬ್ಯಾಡ್ರಿ ಅಕ್ಕಾರ. ನಾ ಮನಶ್ಯಾನ ಕಣ್ಣ ಕಳದೀನಿ. ಅವಾ ನನ್ನ ಬೆರಳ ಮುರದಾನ. ನಾ ಅವಂಗ ಕೊಡೂದ ಇನ್ನೂ ಬಾಕಿ ಐತಿ."

ಸೈರನ್ ಕೂಗದ್ದು ತನ್ನ ತಪ್ಪು ಎಂದೇ ಅವನು ನಂಬಿದ್ದ. ಜಾರ್‌ಗಳ ದಾರಿ ಬರೆಯುವಾಗ ಎಲ್ಲೋ ಒಂದು ಅಕ್ಷರ ಬಿಟ್ಟಿರಬೇಕು, ಎಲ್ಲಿ ಬಿಟ್ಟೆ ಎಂದು ಮಲಗಿದಲ್ಲೇ ಬಡಬಡಿಸುತ್ತಿದ್ದ. ತಿನ್ನಿಸಲು ಹೋದರೆ ಬಾಯಿ ತೆರೆಯುತ್ತಿರಲಿಲ್ಲ. ಕೈ ಹೋಗಿದ್ದರ ದುಃಖ ಅವನಿಗಿರಲಿಲ್ಲ. ಒಬ್ಬ ಮನುಷ್ಯನನ್ನು ಕುರುಡು ಮಾಡಿದೆ ಎಂಬುದು ಅವನನ್ನು ತಿನ್ನುತ್ತಿತ್ತು. ಹೀಗೇ ಬಿಟ್ಟರೆ ಹುಡುಗ ಉಳಿಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಮಳೆಯಲ್ಲೇ ದಾದರಿನಲ್ಲಿ ಗಾಡಿ ಬದಲಿಸಿ ಕಾಂದಿವಲಿಗೆ ಹೋದೆ. ಕೋಲ್ಡ್ ಸ್ಟೋರೇಜಿನ ಗೋಡೆಗಳಿಂದ ಘಾಟು ಇನ್ನೂ ಹೋಗಿರಲಿಲ್ಲ, ಮೀನು ಕೊಳೆತ ವಾಸನೆ ಅದರ ಜೊತೆ ಸೇರಿತ್ತು. ಸೇಠ ತಡೆಯಲು ಬಂದ. ನನ್ನ ಮುಖ ನೋಡಿ ದಾರಿ ಬಿಟ್ಟ. ಕಂಪ್ಯೂಟರಿನ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಳಿತೆ. ಮಹಾಂತೇಶ ಬರೆದ ದಾರಿಯನ್ನು ಅಕ್ಷರ ಅಕ್ಷರವಾಗಿ ಓದಿದೆ. ಚುಕ್ಕೆಯೂ ತಪ್ಪಿರಲಿಲ್ಲ. ಆ ದಾರಿ ಹೋಗಿ ಮುಟ್ಟುವ ಕಡೆ ನೋಡಿದೆ. "ಅಪ್ನಾ" ಇತ್ತು. "ಬಾಹರ್" ಇರಲಿಲ್ಲ. ಇಡೀ ಫೋಲ್ಡರೇ ಇರಲಿಲ್ಲ.

ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಒಂದು ಗೊಣಗಾಟವಿಲ್ಲದೆ ಶುರುವಾಯಿತು, ಪರದೆ ಹಸಿರಾಯಿತು. ಸೈರನ್ ಕೂಗು ಎಂದು ಹೇಳಿದೆ. ಬೇಕಾದದ್ದು ಸಿಗಲಿಲ್ಲ ಎಂದು ಆ ಭಾಗ ಅಲ್ಲೇ ಸತ್ತಿತು, ಪರದೆ ಮಾತ್ರ ಹಸಿರಾಗಿಯೇ ಉಳಿಯಿತು. ಆ ಪರದೆಗೆ ಗುದ್ದಬೇಕೆನಿಸಿತು. ಯಾರೋ ಬೇಕೆಂದೇ ಅಳಿಸಿದ್ದಾರೆ, ಈ ಸೇಠನದೇ ಕೆಲಸವಿರಬೇಕು ಎಂದುಕೊಂಡೆ. ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಬಂದ ದಾರಿಯಲ್ಲೇ ಆಸ್ಪತ್ರೆಗೆ ಹಿಂತಿರುಗಿದೆ. ಗಣಪತನ ಮುಖಕ್ಕೆ ಅದನ್ನು ಹಿಡಿಯುವವರೆಗೂ ನನಗೆ ಸಮಾಧಾನವಿರಲಿಲ್ಲ.

ಅವನು ಮೇಲಿನ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತ. ನಾನು ಕೂಗಾಡಿದ್ದನ್ನು ಕೇಳಿ ನರ್ಸು ಎರಡು ಸಲ ಗದರಿಸಿದಳು. ಸೈರನ್ನಿನ ಸಾಮಾನು ಬಾಹರ್ ಎಂಬ ಫೋಲ್ಡರಿನಲ್ಲಿತ್ತು, ಹುಡುಗ ಸರಿಯಾಗಿ ಇಟ್ಟು ಬಂದಿದ್ದ, ನಿಮ್ಮಲ್ಲೇ ಯಾರೋ ತೆಗೆದುಹಾಕಿದರು, ನೀನು ನಿರಪರಾಧಿಯ ಕೈ ಮುರಿದೆ ಎಂದು ಫೋಟೋ ತೋರಿಸಿ ಹೇಳಿದೆ. ಗಣಪತ ಬುದ್ಧಿವಂತ, ಒಂದೇ ಸಲಕ್ಕೆ ತಿಳಿದುಕೊಂಡ. ತೆಗೆದವನ ಹೆಸರು ಹೇಳು, ಇವತ್ತು ಅವನನ್ನು ಜೀವಂತ ಬಿಡುವುದಿಲ್ಲ ಎಂದು ಎಗರಿದ.

"ಕಿಸ್ನೇ ನಿಕಾಲಾ? ನಾಮ್ ಬೋಲ್. ಆಜ್ ಉಸ್ಕೋ ಜಿಂದಾ ನಹೀಂ ಛೋಡೂಂಗಾ."

"ನನಗೇನು ಗೊತ್ತು? ನಿನ್ನ ತಮ್ಮನನ್ನೇ ಕೇಳು," ಎಂದು ಹಿಂದಿಯಲ್ಲೇ ಹೇಳಿದೆ. "ಆ ಮಷಿನ್ ಮುಟ್ಟುವವರು ಯಾರು ಯಾರು ಎಂದು ಅವನಿಗೆ ಗೊತ್ತಿರುತ್ತದೆ."

ನನ್ನ ರಟ್ಟೆ ಹಿಡಿದು ಒಳಗೆ ಕರೆದೊಯ್ದ. ಪಾಂಡುರಂಗನನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣಿಗೆ ಬಿಳಿ ಪಟ್ಟಿ, ಕೆನ್ನೆಯ ಚರ್ಮ ಸುಲಿದು ಕೆಂಪಗಿತ್ತು. ಗಂಟಲು ಸುಟ್ಟು ಮಾತು ಪಿಸುಗುಟ್ಟಿದಂತೆ ಬರುತ್ತಿತ್ತು.

"ಪಾಂಡ್ಯಾ, ಮಷಿನ್ ಮೇಂ ವೋ ಬಾಹರ್ ವಾಲಾ ಫೋಲ್ಡರ್ ಥಾ ನಾ? ಕಿಸ್ನೇ ನಿಕಾಲಾ?" ಎಂದ ಗಣಪತ.

"ಬಾಹರ್? ವೋ ತೋ ಮೈಂನೇ ನಿಕಾಲಾ."

ಅದನ್ನು ತೆಗೆದವನು ಅವನೇ! ಪಾಂಡುರಂಗ ತಾನಾಗಿಯೇ ಮುಂದುವರಿಸಿದ. ಯಾವುದೋ ತಪಾಸಣೆಯವರು ಬರುವವರಿದ್ದರಂತೆ. ಹುಡುಗರೆಲ್ಲ ಆ ಕಂಪ್ಯೂಟರಿನಲ್ಲಿ ಸಿನಿಮಾ, ಹಾಡು ತುಂಬಿಸಿಟ್ಟಿದ್ದರಂತೆ. ಸೇಠ ಕರೆದು, "ಕಂಪ್ಯೂಟರ್ ಮೇಂ ಜೋ ಭೀ ಬಾಹರ್ ಕಾ ಹೈ, ಸಬ್ ನಿಕಾಲ್ ದೋ, ಸಿರ್ಫ್ ಅಪ್ನಾ ರಹ್ನಾ ಚಾಹಿಯೇ" ಎಂದನಂತೆ, ಹೊರಗಿನದೆಲ್ಲ ತೆಗೆ, ನಮ್ಮದಷ್ಟೇ ಇರಬೇಕು ಎಂದು. ತೆರೆದು ನೋಡಿದರೆ ಹೆಸರು ಬರೆದೇ ಇಟ್ಟಿದ್ದರು. ಒಂದು ಅಪ್ನಾ, ಒಂದು ಬಾಹರ್.

"ಹಾಡು, ಸಿನಿಮಾ, ಬಾಹರ್, ಎಲ್ಲ ತೆಗೆದೆ. ಅಪ್ನಾ ಮುಟ್ಟಲಿಲ್ಲ," ಎಂದು ಅವನು ಹಿಂದಿಯಲ್ಲಿ ಹೇಳಿದ. ಮಾಡಿದ ಕೆಲಸದ ಬಗ್ಗೆ ಅವನ ದನಿಯಲ್ಲಿ ಸಂಕೋಚವಿರಲಿಲ್ಲ. "ಆಮೇಲೆ ಕರೆಂಟು ಹೋಗಿ ಬಂತು, ಮತ್ತೆ ಶುರು ಮಾಡಿದೆ, ಹಸಿರು ಬಂತು. ಸೇಠನೂ ಶಾಭಾಷ್ ಅಂದ." ಆಮೇಲೆ ತಲೆಯನ್ನು ಅಣ್ಣನ ಕಡೆ ತಿರುಗಿಸಿ ಅದರಲ್ಲಿ ಏನಾದರೂ ಇತ್ತೇ ಎಂದು ಕೇಳಿದ. "ಕ್ಯೂಂ ದಾದಾ? ಉಸ್ಮೇಂ ಕುಛ್ ಥಾ ಕ್ಯಾ?"

ಗಣಪತ ನನ್ನನ್ನು ನೋಡಿದ. ಎರಡು ದಿನಗಳ ಹಿಂದೆ ನನ್ನ ಕಣ್ಣೆದುರು ಸಲಾಕೆ ಎತ್ತಿದವನು ಈಗ ನನ್ನ ಬಾಯಿಯನ್ನೇ ನೋಡುತ್ತ ಹೆದರಿ ನಿಂತಿದ್ದ. ಸೇಡು ತೀರಿಸಿಕೊಳ್ಳಲು ನನಗೆ ಒಂದು ಮಾತು ಸಾಕಿತ್ತು. ಆಡಲೆಂದೇ ಕಾಂದಿವಲಿಯಿಂದ ಬಂದಿದ್ದೆ. ಮೊಬೈಲನ್ನು ಚೀಲಕ್ಕೆ ತುರುಕಿಕೊಂಡೆ.

"ಕಾಯ್ ನಾಯ್ ರೇ," ಎಂದ ಗಣಪತ ಮರಾಠಿಯಲ್ಲಿ, ಏನೂ ಇರಲಿಲ್ಲವೋ ಎಂದು. "ಝೋಪ್ ತೂ." ಮಲಗು ಎಂದು ತಮ್ಮನ ಹೊದಿಕೆ ಎಳೆದು ಸರಿಮಾಡಿದ. ಹೊರಗೆ ಬಂದವನೇ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ಹಣೆ ಒಡೆದು ರಕ್ತ ಹುಬ್ಬಿಗೆ ಇಳಿಯಿತು. ಇಬ್ಬರು ವಾರ್ಡ್‌ಬಾಯ್‌ಗಳು ಹಿಡಿದು ನಿಲ್ಲಿಸಬೇಕಾಯಿತು. ನನಗೆ ಅವನ ಮೇಲೆ ಕನಿಕರ ಬಂತು ಎಂದರೆ ಸುಳ್ಳಾಗುತ್ತದೆ. "ಇಲ್ಲಿ ಚಚ್ಚಿಕೊಂಡರೆ ಏನು ಬಂತು? ಕೆಳಗೆ ನಡಿ. ಅವನಿಗೆ ಹೇಳು," ಎಂದೆ.

ಮಹಾಂತೇಶ ಎಚ್ಚರವಾಗಿದ್ದ. ಗಣಪತ ಬಾಗಿಲಲ್ಲಿ ಕಂಡದ್ದೇ ತಡ, ಅವನು ಮಂಚದ ಮೇಲೆ ಮುದುಡಿ ಪ್ಲಾಸ್ಟರ್ ಹಾಕಿದ ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡ ಹಿಡಿದ. ಪಕ್ಕದ ಮಂಚದ ಮುದುಕ ಕಿರುಚಿದ. "ಹೆದರಬ್ಯಾಡೋ, ನಾ ಅದೀನಿ," ಎಂದು ನಾನು ಅವನ ಬೆನ್ನು ಹಿಡಿದುಕೊಂಡೆ.

ಗಣಪತ ಮಂಚದ ಪಕ್ಕ ನೆಲಕ್ಕೆ ಕುಸಿದು ಕುಳಿತ. "ತೇರೀ ಗಲ್ತೀ ನಹೀಂ ಥೀ," ತಪ್ಪು ನಿನ್ನದಲ್ಲ ಎಂದ. ಯಾರದು ಎಂದು ಹೇಳಲಿಲ್ಲ.

ಮಹಾಂತೇಶ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದ. "ಖರೇನ ಏನ್ರಿ ಅಕ್ಕಾರ? ನಾ ಬರೆದದ್ದು ಬರೋಬರಿ ಇತ್ತೇನ್ರಿ?"

"ಒಂದಕ್ಷರ ತಪ್ಪಿಲ್ಲೋ ತಮ್ಮಾ. ನಾನ ಕಣ್ಣಾರೆ ಓದಿ ಬಂದೀನಿ."

ಅವನು ದೊಡ್ಡ ದನಿಯಲ್ಲಿ ಅತ್ತ. ಬೆರಳು ಮುರಿದಾಗ ಕಿರುಚಿದ್ದನೇ ಹೊರತು ಅತ್ತಿರಲಿಲ್ಲ. ನಾನೂ ಅತ್ತೆ. ಕೆಳಗೆ ಕುಳಿತ ಗಣಪತ ಹಣೆಯ ರಕ್ತ ಒರೆಸಿಕೊಳ್ಳದೆ ಮುಖ ಮೇಲೆತ್ತಿ ಹಿಡಿದಿದ್ದ. "ಮಾರ್ ಮುಝೇ," ನನ್ನನ್ನು ಹೊಡಿ ಎನ್ನುತ್ತಿದ್ದ. "ಜಿತ್ನಾ ಮಾರ್ನಾ ಹೈ ಮಾರ್. ಮೈಂ ಹಿಲೂಂಗಾ ಭೀ ನಹೀಂ. ಮಾರ್ ನಾ ರೇ."

ಮಹಾಂತೇಶ ಅಳು ನಿಲ್ಲಿಸಿ ಅವನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕೊಂಕೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುವವನ ಹಾಗೆ ಪ್ಲಾಸ್ಟರಿನ ಎರಡು ಗಡ್ಡೆಗಳನ್ನು ಎತ್ತಿ ಅವನ ಮುಂದೆ ಹಿಡಿದ.

"ಕೈಸೇ ಮಾರೂಂ ಭಾಯ್?" ಹೇಗೆ ಹೊಡೆಯಲಿ ಎಂದ. "ಹಾಥ್ ಕಿಧರ್ ಹೈಂ?"